ಸ್ಲಿಮ್ ಅಂತ ಹಾಕು

ಮೊದಲು ಒಂದು ಜಾಹೀರಾತಿನ ಕಥೆ ಹೇಳಿಬಿಡುತ್ತೇನೆ. ಸುಮಾರು 15 ವರ್ಷದ ಹಿಂದೆ ನಮ್ಮ ಚಿಕ್ಕಮ್ಮ ಮಗಳಿಗೆ ಗಂಡು ಹುಡುಕುತ್ತಿದ್ದರು. ಪೇಪರಿನ ವಧು-ವರ ಕಾಲಂಗೆ ಕೊಡಬೇಕಿತ್ತು. ನಾನು ಇಂಗ್ಲಿಷ್ ಮೇಷ್ಟ್ರು, ಬರೆಯೋದು ನನಗೇ ಬಂತು. ಪದಕ್ಕಿಷ್ಟು ಅಂತ ರೇಟು. ಹಾಗಾಗಿ ಚಿಕ್ಕದಾಗಿ ಬರೆದೆ. ವಯಸ್ಸು, ಎತ್ತರ, ಬಿ.ಕಾಂ., ಗೋಧಿ ಬಣ್ಣ, ತೆಳ್ಳಗಿನ ಮೈಕಟ್ಟು. ಓದಿ ಹೇಳಿದೆ. ಚಿಕ್ಕಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳುತ್ತಿದ್ದವರು ಕೈ ನಿಲ್ಲಿಸಿದರು. "ತೆಳ್ಳಗೆ ಅಂತ ಬರೀಬೇಡ ಕಣೋ. ಹುಡುಗಿಗೆ ಏನೋ ಕಾಯಿಲೆ ಇದೆ ಅಂದ್ಕೋತಾರೆ. ಸ್ಲಿಮ್ ಅಂತ ಹಾಕು."

ನಾನು ಮೇಷ್ಟ್ರ ಬುದ್ಧಿ ತೋರಿಸಿದೆ. "ಎರಡೂ ಒಂದೇ ಅಲ್ವಾ ಚಿಕ್ಕಮ್ಮಾ?"

"ಒಂದೇ ಆಗಿದ್ರೆ ಸ್ಲಿಮ್ ಅಂತಾನೇ ಹಾಕೋಕೆ ನಿನಗೇನು ಕಷ್ಟ?" ಅಂದರು.

ನೋಡಿ, ಪದಗಳ ಬಗ್ಗೆ ನಾನು ಕೇಳಿದ ಒಳ್ಳೆಯ ವಾದಗಳಲ್ಲಿ ಇದೂ ಒಂದು. ಎರಡು ಪದ ಒಂದೇ ಆಗಿದ್ದರೆ ಯಾವುದನ್ನು ಹಾಕಿದರೂ ನಡೆಯಬೇಕು. ನಡೆಯುವುದಿಲ್ಲ ಅಂದರೆ ಒಂದೇ ಅಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪದದ ಮೇಲೆ. ಸ್ಲಿಮ್. ನಾಲ್ಕಕ್ಷರ, ಅದೂ ಇಂಗ್ಲಿಷಿನಲ್ಲಿ. ಇದಕ್ಕೆ ಮುಕ್ಕಾಲು ಗಂಟೆ ಬೇಕಾ ಅಂತ ಕೇಳಬೇಡಿ. ಬೇಕು.

ಇಂಗ್ಲಿಷಿನಲ್ಲಿ ತೆಳ್ಳಗೆ ಅನ್ನೋದಕ್ಕೆ ಸಾಮಾನ್ಯ ಪದ 'ಥಿನ್'. ಅದು ಅಳತೆ ಪಟ್ಟಿ ಇದ್ದ ಹಾಗೆ. ಯಾವುದಕ್ಕೆ ಬೇಕಾದರೂ ಹಿಡಿಯಬಹುದು. ಪೇಪರ್ ದೋಸೆ ಥಿನ್. ನೀರು ನೀರಾದ ಸಾರು ಥಿನ್. ತಲೆಯಲ್ಲಿ ಉಳಿದಿರೋ ನಾಲ್ಕು ಕೂದಲು ಥಿನ್. ಬೆಟ್ಟದ ಮೇಲಿನ ಗಾಳಿ ಥಿನ್. ಮನುಷ್ಯನೂ ಥಿನ್. ಈಗ ಇದೇ ಜಾಗಗಳಲ್ಲಿ ಸ್ಲಿಮ್ ಹಾಕಿ ನೋಡಿ. ಸ್ಲಿಮ್ ದೋಸೆ? ಸ್ಲಿಮ್ ಸಾರು? ಸ್ಲಿಮ್ ಕೂದಲು? ನಗು ಬರುತ್ತದೆ ಅಲ್ವಾ? ಸ್ಲಿಮ್ ಆಗಬೇಕಾದರೆ ವಸ್ತುವಿಗೆ ಒಂದು ಮೈ ಇರಬೇಕು, ಒಂದು ಆಕಾರ ಇರಬೇಕು. ಸೊಂಟ ಸ್ಲಿಮ್ ಆಗಬಹುದು. ಮೊಬೈಲ್ ಆಗಬಹುದು. ಕವನ ಸಂಕಲನ ಆಗಬಹುದು. ಅಷ್ಟೇ ಅಲ್ಲ, ನೋಡುವವರಿಗೆ ಅದು ಇಷ್ಟವಾಗಿರಬೇಕು. ಥಿನ್ ಅಳತೆ ಹೇಳುತ್ತದೆ. ಸ್ಲಿಮ್ ಮಾರ್ಕ್ಸ್ ಕೊಡುತ್ತದೆ. ಚಿಕ್ಕಮ್ಮನಿಗೆ ಬೇಕಿದ್ದದ್ದು ಅಳತೆ ಅಲ್ಲ, ಮಾರ್ಕ್ಸ್.

ಇಂಗ್ಲಿಷಿನಲ್ಲಿ ಹೀಗೆ ಮಾರ್ಕ್ಸ್ ಕೊಡುವ ಪದಗಳ ದೊಡ್ಡ ಸಂಸಾರವೇ ಇದೆ. 'ಲೀನ್' ಅಂದರೆ ಕೊಬ್ಬಿಲ್ಲದ ಗಟ್ಟಿ ಮೈ, ಓಟಗಾರನದು. 'ಲ್ಯಾಂಕಿ' ಅಂದರೆ ಕೈಕಾಲು ಉದ್ದುದ್ದ, ಎಲ್ಲಿಡಬೇಕೋ ಗೊತ್ತಾಗದ ಹುಡುಗ. 'ಗಾಂಟ್' ಅಂದರೆ ಹಸಿವೋ ಕಾಯಿಲೆಯೋ ಚಿಂತೆಯೋ ಕೆನ್ನೆಯನ್ನು ಒಳಗೆಳೆದುಕೊಂಡಿದೆ. 'ಸ್ಕಿನ್ನಿ', 'ಸ್ಕ್ರಾನಿ', 'ಬೋನಿ', 'ವೀಡಿ' ಇವೆಲ್ಲ ಆಡಿಕೊಳ್ಳುವ ಪದಗಳು. ಗಮನಿಸಿದಿರಾ, ಆಡಿಕೊಳ್ಳುವ ಪದಗಳೆಲ್ಲ 'ಇ' ಅಂತ ಮುಗಿಯುತ್ತವೆ. ನಮ್ಮಲ್ಲೂ ಹೀಗೇ ಒಂದು ಬಾಲ ಇದೆ. ಬಡಕಲು, ಸಣಕಲು, ಒಣಕಲು. 'ಕಲು' ಬಂತು ಅಂದರೆ ಮರ್ಯಾದೆ ಹೋಯಿತು ಅಂತಲೇ ಲೆಕ್ಕ. ಮುರುಕಲು ಗಾಡಿ, ಹರಕಲು ಚಾಪೆ, ಬಡಕಲು ಎಮ್ಮೆ. ಮನುಷ್ಯನನ್ನು ಬಡಕಲು ಅಂದಾಗ ಅವನನ್ನು ಆ ಗಾಡಿ, ಆ ಚಾಪೆಯ ಸಾಲಿಗೆ ಸೇರಿಸಿದ ಹಾಗೆ.

ಸ್ಲಿಮ್‌ಗೆ ಹತ್ತಿರದ ನೆಂಟ 'ಸ್ಲೆಂಡರ್'. ಅದು ಸ್ವಲ್ಪ ಕವಿಗಳ ಕಡೆಯದು. ಬಳುಕುವುದಕ್ಕೆ, ನೀಳವಾದದ್ದಕ್ಕೆ ಹೇಳುತ್ತಾರೆ. ಬೆರಳು, ಕತ್ತು, ಅಡಿಕೆ ಮರ. ನಮ್ಮ ತುಮಕೂರು ಕಡೆ ಕಾಡುಪಾಪ ಇದೆಯಲ್ಲ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೂ ಇದೆ, ಅದರ ಇಂಗ್ಲಿಷ್ ಹೆಸರು 'ಸ್ಲೆಂಡರ್ ಲೋರಿಸ್'. ಇಂಗ್ಲಿಷಿನವರು ಅದರ ಕಡ್ಡಿಯಂಥ ಕೈಕಾಲು ನೋಡಿದರು. ನಮ್ಮವರು ಅದನ್ನು ನೋಡಿ ಪಾಪು ಅಂದರು. ಪ್ರಾಣಿ ಒಂದೇ. ಯಾರ ಕಣ್ಣು ಎಲ್ಲಿ ನಿಂತಿತು ಅನ್ನೋದು ಹೆಸರಿನಲ್ಲಿ ಉಳಿದುಕೊಂಡಿದೆ.

ಥಿನ್ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ಅದೂ ಸಂಸ್ಕೃತದ 'ತನು'ವೂ ದೂರದ ಅಣ್ಣತಮ್ಮಂದಿರು. ಎರಡಕ್ಕೂ ಬೇರು ಒಂದೇ, ಎಳೆಯುವುದು, ಹಿಗ್ಗಿಸುವುದು ಅನ್ನೋ ಅರ್ಥದ ಬೇರು. ಎಳೆದರೆ ಯಾವುದೂ ತೆಳ್ಳಗಾಗುತ್ತದೆ ತಾನೆ? ತಂತಿ, ತಂತು ಬಂದದ್ದೂ ಅಲ್ಲಿಂದಲೇ. ಸಂಸ್ಕೃತದಲ್ಲಿ ತನು ಅಂದರೆ ತೆಳ್ಳಗಿನದು ಅಂತಲೂ ಅರ್ಥ, ದೇಹ ಅಂತಲೂ ಅರ್ಥ. ತನ್ವಿ ಅಂತ ಮಗಳಿಗೆ ಹೆಸರಿಟ್ಟವರು ಇಲ್ಲಿ ಯಾರಾದರೂ ಇದ್ದರೆ, ನೀವು ಮಗುವಿಗೆ ತೆಳ್ಳಗಿನವಳು ಅಂತ ಹೆಸರಿಟ್ಟಿದ್ದೀರಿ. ಗಾಬರಿಯಾಗಬೇಡಿ, ಮಾರ್ಕ್ಸ್ ಚೆನ್ನಾಗಿಯೇ ಇದೆ.

ಈಗ ಸ್ಲಿಮ್ ಎಲ್ಲಿಂದ ಬಂತು ನೋಡೋಣ. ಇದು ಇಂಗ್ಲಿಷಿನ ಮನೆಮಗಳಲ್ಲ. ಡಚ್ಚರಿಂದ ಬಂದದ್ದು, 17ನೇ ಶತಮಾನದ ನಡುವಿನಲ್ಲಿ. ಆಗ ಇಂಗ್ಲಿಷರಿಗೂ ಡಚ್ಚರಿಗೂ ಸಮುದ್ರದ ಮೇಲೆ ಒಂದು ಕಡೆ ವ್ಯಾಪಾರ, ಇನ್ನೊಂದು ಕಡೆ ಜಗಳ. 1652ರಲ್ಲಿ ಯುದ್ಧವೇ ಶುರುವಾಯಿತು. ಹಡಗಿನವರು ಜಗಳವಾಡುತ್ತಲೇ ಪದಗಳನ್ನೂ ಸಾಗಿಸುತ್ತಾರೆ. ಡೆಕ್, ಯಾಟ್ ಎಲ್ಲ ಡಚ್ಚರವು. ಕ್ರಿಕೆಟ್ ಕ್ಯಾಪ್ಟನ್ನನ್ನು ಸ್ಕಿಪ್ಪರ್ ಅಂತೀವಲ್ಲ, ಅದೂ ಅವರದೇ, ಹಡಗಿನ ಯಜಮಾನ ಅಂತ.

ಆದರೆ ಸ್ಲಿಮ್‌ನ ತವರಿನಲ್ಲಿ ತೆಳ್ಳಗೆ ಅನ್ನೋ ಅರ್ಥ ಇರಲೇ ಇಲ್ಲ. ಹಳೆಯ ಡಚ್ಚಿನಲ್ಲಿ ಸ್ಲಿಮ್ ಅಂದರೆ ಸೊಟ್ಟ, ಓರೆ, ಕೆಟ್ಟದ್ದು. ಒಂದೇ ಪದ ಮೂರು ಮನೆ ಸೇರಿ ಏನಾಯಿತು ನೋಡಿ. ಜರ್ಮನ್ ಮನೆಯಲ್ಲಿ ಅದು 'ಶ್ಲಿಮ್' ಆಯಿತು. ಇವತ್ತಿಗೂ ಅಲ್ಲಿ ಅದರ ಅರ್ಥ ಕೆಟ್ಟದ್ದು ಅಂತಲೇ. ಡಚ್ ಮನೆಯಲ್ಲಿ ಸೊಟ್ಟ ಬುದ್ಧಿ ಹೋಗಿ ಕುತಂತ್ರ ಆಯಿತು, ಕುತಂತ್ರ ಹೋಗಿ ಜಾಣತನ ಆಯಿತು. ಈಗ ನೆದರ್ಲೆಂಡ್ಸ್‌ನಲ್ಲಿ ಯಾರನ್ನಾದರೂ ಸ್ಲಿಮ್ ಅಂದರೆ ಅವರು ಕನ್ನಡಿ ನೋಡಿಕೊಳ್ಳುವುದಿಲ್ಲ. ಜಾಣ ಅಂದೆ ಅಂತ ಖುಷಿಪಡುತ್ತಾರೆ. ಕರೆಂಟಿನ ಸ್ಮಾರ್ಟ್ ಮೀಟರ್‌ಗೆ ಅಲ್ಲಿ 'ಸ್ಲಿಮ್ಮೆ ಮೀಟರ್' ಅಂತಾರೆ. ಗೋಡೆಗಂಟಿದ ಮೀಟರ್ ಡಬ್ಬಿ ದಪ್ಪಗೇ ಇರಲಿ, ಅದು ಸ್ಲಿಮ್ಮೇ. ಇಂಗ್ಲಿಷ್ ಮನೆಯಲ್ಲಿ ಮಾತ್ರ ಇದು ಬೇರೆ ದಾರಿ ಹಿಡಿಯಿತು. ಕೆಟ್ಟದ್ದು ಅನ್ನೋದರಿಂದ ಕೆಲಸಕ್ಕೆ ಬಾರದ್ದು, ಸಾರವಿಲ್ಲದ್ದು, ಗಟ್ಟಿಯಿಲ್ಲದ್ದು. ಗಟ್ಟಿಯಿಲ್ಲದ್ದರಿಂದ ಸಣ್ಣದು, ತೆಳ್ಳಗಿನದು.

ಕೆಟ್ಟದ್ದು ಹೇಗ್ರೀ ತೆಳ್ಳಗಿನದಾಗುತ್ತದೆ ಅಂತ ನೀವು ಕೇಳಬಹುದು. ದೂರ ಹೋಗಬೇಡಿ. ನಮ್ಮ 'ಬಡ' ನೋಡಿ.

ಬಡ ಅನ್ನೋ ಪದವನ್ನು ನಾವು ದಿನಾ ಬಳಸುತ್ತೇವೆ. ಬಡವ, ಬಡತನ, ಬಡಪಾಯಿ. ಅಲ್ಲೆಲ್ಲ ದುಡ್ಡಿನ ಮಾತು. ಆದರೆ ಊರ ಕಡೆ ಅಜ್ಜಿ ಮೊಮ್ಮಗನನ್ನು ತಡವಿ ನೋಡಿ "ಯಾಕೋ ಮಗಾ, ಇಷ್ಟು ಬಡವಾಗಿದ್ದೀಯಾ?" ಅಂದರೆ ಅವಳು ಬ್ಯಾಂಕ್ ಪಾಸ್‌ಬುಕ್ ಕೇಳುತ್ತಿಲ್ಲ. ಸೊರಗಿದ್ದೀಯಾ, ಮೈ ಇಳಿದಿದೆ ಅಂತ ಕೇಳುತ್ತಿದ್ದಾಳೆ. ಬಡ ಅಂದರೆ ತೆಳ್ಳಗೆ. ಮೈಯಲ್ಲಿ ಮಾಂಸ ಇಲ್ಲ, ಮನೆಯಲ್ಲಿ ಅಕ್ಕಿ ಇಲ್ಲ, ಎರಡಕ್ಕೂ ಒಂದೇ ಪದ. ಒಂದಿದ್ದ ಕಡೆ ಇನ್ನೊಂದು ಇರುತ್ತಿತ್ತು, ಅದಕ್ಕೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆಗೆದು ನೋಡಿದರೂ ಈ ಪದದ ಕೆಳಗೆ ತೆಳ್ಳಗಿರುವುದು, ಸೋತದ್ದು, ಇಲ್ಲದಿರುವುದು ಎಲ್ಲ ಒಟ್ಟಿಗೇ ಕೂತಿವೆ.

ಇನ್ನೊಂದು ಮಜಾ ಇದೆ. ಇದೇ ಬಡ ಹಳಗನ್ನಡದ ಕವಿಗಳ ಕೈಗೆ ಹೋದಾಗ ಹೊಗಳಿಕೆ ಆಗಿಬಿಡುತ್ತದೆ. 'ಬಡನಡು' ಅಂತ ಬರುತ್ತದೆ, ತೆಳ್ಳಗಿನ ಸೊಂಟ. ಚೆಲುವೆಯರಿಗೆಲ್ಲ ಬಡನಡು. ಹುಷಾರಾಗಿ ಓದಿದರೆ ಒಂದು ವಿಷಯ ಗೊತ್ತಾಗುತ್ತದೆ. ಬಡವಾಗಿರಬೇಕಾದದ್ದು ನಡು ಮಾತ್ರ. ಇಡೀ ಹುಡುಗಿ ಬಡವಾಗಿರಬೇಕು ಅಂತ ಯಾವ ಕವಿಯೂ ಬಯಸಲಿಲ್ಲ. ಇಡೀ ಮೈ ಬಡವಾಯಿತು ಅಂದರೆ ಕಾವ್ಯದಲ್ಲಿ ಅದು ವಿರಹ, ಇನಿಯ ಊರಲ್ಲಿಲ್ಲ ಅಂತ ಅರ್ಥ. ಈ ಇಂಚುಪಟ್ಟಿ ಹೆಂಗಸರಿಗೇ ಯಾಕೆ ಅನ್ನೋದು ನಿಜವಾದ ಪ್ರಶ್ನೆ, ಆದರೆ ಅದಕ್ಕೆ ಇನ್ನೊಂದು ಸಂಜೆ ಬೇಕು.

ಹೀಗೆ ಇಂಗ್ಲಿಷ್ ಸ್ಲಿಮ್ ಕೆಟ್ಟದ್ದರಿಂದ ತೆಳ್ಳಗೆ ಬಂತು. ನಮ್ಮ ಬಡ ತೆಳ್ಳಗಿನಿಂದ ಇಲ್ಲದವನ ಕಡೆ ಹೋಯಿತು. ಒಂದೇ ರಸ್ತೆ, ಎದುರು ಬದುರು ಹೊರಟ ಎರಡು ಬಸ್ಸು.

ಇಲ್ಲಿ ಅನುವಾದ ಮಾಡುವವರು ಇದ್ದೀರಿ, ಈ ಇತಿಹಾಸ ನಿಮಗೆ ಯಾಕೆ ಬೇಕು ಅಂತ ಈಗ ಹೇಳುತ್ತೇನೆ. ಒಂದು ಸಲ ಪರೀಕ್ಷೆ ಪೇಪರಿನಲ್ಲಿ ಒಂದು ವಾಕ್ಯ ಕೊಟ್ಟಿದ್ದೆ. ರೋಗಿ ಬದುಕುವ ಬಗ್ಗೆ ಡಾಕ್ಟರ್ ಹೇಳುವ ಮಾತು, 'ಸ್ಲಿಮ್ ಚಾನ್ಸ್' ಅಂತ. ಒಬ್ಬ ಹುಡುಗ ಬರೆದಿದ್ದ: "ಅವನು ಬದುಕುವ ಅವಕಾಶ ತೆಳ್ಳಗಿದೆ." ಇನ್ನೊಬ್ಬಳು ಇನ್ನೂ ಮುಂದೆ ಹೋಗಿ "ಅವನ ಬದುಕು ಸಪೂರವಾಗಿದೆ" ಅಂತ ಬರೆದಿದ್ದಳು. ಮಂಗಳೂರು ಕಡೆಯ ಹುಡುಗಿ ಇರಬೇಕು. ನಾನು ನಕ್ಕೆ, ಆಮೇಲೆ ಪೆನ್ನು ಕೆಳಗಿಟ್ಟು ಯೋಚನೆ ಮಾಡಿದೆ. ಅವರ ತಪ್ಪೇನು? ನಿಘಂಟು ತೆಳ್ಳಗೆ ಅಂತ ಹೇಳಿತು, ಅವರು ಹಾಕಿದರು.

ವಿಷಯ ಏನಂದರೆ, ಮೈಗೆ ಹೇಳುವಾಗ ಸ್ಲಿಮ್ ಹೊಗಳಿಕೆ ಆಯಿತು. ಆದರೆ ಚಾನ್ಸು, ಆಸೆ, ಸಾಕ್ಷಿ, ನೆಪ ಇಂಥವಕ್ಕೆ ಹೇಳುವಾಗ ಅದರ ಹಳೆಯ ಬುದ್ಧಿ ಹಾಗೇ ಉಳಿಯಿತು. ಅಲ್ಲಿ ಅದು ಇವತ್ತಿಗೂ ಕಳಪೆ, ಸಾರವಿಲ್ಲ ಅಂತಲೇ ಹೇಳುತ್ತದೆ. ಸ್ಲಿಮ್ ಸೊಂಟ ಚೆನ್ನ, ಸ್ಲಿಮ್ ಸಾಕ್ಷಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಕನ್ನಡದಲ್ಲಿ ಇದಕ್ಕೆ ಗುಣವಾಚಕ ಹುಡುಕಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ನಾವು ಇಂಥ ಕಡೆ ಕ್ರಿಯಾಪದದಲ್ಲೋ ಒಂದು ಉದ್ಗಾರದಲ್ಲೋ ಕೆಲಸ ಮುಗಿಸುವವರು. ಬದುಕೋದು ಅನುಮಾನ. ಗೆಲ್ಲೋದು ಕಷ್ಟ. ಸಾಕ್ಷಿ ಸಾಲದು. ಆಸೆ ಅಷ್ಟಕ್ಕಷ್ಟೇ. 'ಅಷ್ಟಕ್ಕಷ್ಟೇ' ಎಂಥ ಪದ ನೋಡಿ! ನನ್ನ ಲೆಕ್ಕದಲ್ಲಿ ಸ್ಲಿಮ್ ಚಾನ್ಸ್‌ಗೆ ಅದಕ್ಕಿಂತ ಹತ್ತಿರದ ಕನ್ನಡ ಇಲ್ಲ.

ಇಂಗ್ಲಿಷಿನ ಹುಚ್ಚುತನ ಕೇಳಿ. ಸ್ಲಿಮ್ ಚಾನ್ಸ್ ಅಂದರೂ ಆಗೋದಿಲ್ಲ ಅಂತ, 'ಫ್ಯಾಟ್ ಚಾನ್ಸ್' ಅಂದರೂ ಆಗೋದಿಲ್ಲ ಅಂತ. ತೆಳ್ಳಗಿದ್ದರೂ ಇಲ್ಲ, ದಪ್ಪಗಿದ್ದರೂ ಇಲ್ಲ. ಆದರೆ ಎರಡರ ಧ್ವನಿ ಬೇರೆ. ಸ್ಲಿಮ್ ಅನ್ನೋದು ಡಾಕ್ಟರ್ ಹೇಳುವ ಮಾತು, ಅಲ್ಲಿ ಒಂದು ಎಳೆ ಆಸೆ ಉಳಿದಿದೆ. ಫ್ಯಾಟ್ ಅನ್ನೋದು ವ್ಯಂಗ್ಯ. ಸಾಲ ಕೊಟ್ಟವನು ಯುಗಾದಿಗೆ ವಾಪಸ್ ಬರುತ್ತೆ ಅಂತ ಕಾಯುತ್ತಿದ್ದರೆ ಪಕ್ಕದವನು "ಬಂತು ಬಿಡು!" ಅಂತಾನಲ್ಲ, ಅದು ಫ್ಯಾಟ್ ಚಾನ್ಸ್.

ಚುನಾವಣೆ ಸುದ್ದಿಯಲ್ಲೂ ಈ ಪದ ಬರುತ್ತದೆ, ಸ್ಲಿಮ್ ಮೆಜಾರಿಟಿ ಅಂತ. ಎಷ್ಟು ಮತದವರೆಗೆ ಸ್ಲಿಮ್? 2004ರಲ್ಲಿ ನಮ್ಮ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಒಂದು ಮತದಲ್ಲಿ ಸೋಲಿಸಿದರು. 40,752ಕ್ಕೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ 16 ಮತ. ಇಂಥದ್ದಕ್ಕೆ ಇಂಗ್ಲಿಷ್ ಪತ್ರಿಕೆಯವರಿಗೆ ಸ್ಲಿಮ್ ಸಾಕಾಗುವುದಿಲ್ಲ. ವೇಫರ್-ಥಿನ್, ರೇಜರ್-ಥಿನ್ ಅಂತಾರೆ. ಅಂದರೆ ಬಿಸ್ಕತ್ತಿಗೋ ಬ್ಲೇಡಿಗೋ ಓಡುತ್ತಾರೆ. ಗಮನಿಸಿ, ನಿಜವಾಗಿ ಅಳತೆ ಹೇಳಬೇಕಾಗಿ ಬಂದಾಗ ಸ್ಲಿಮ್ ಬಿಟ್ಟು ಮತ್ತೆ ಥಿನ್ ಹತ್ತಿರವೇ ಬರಬೇಕಾಯಿತು. ನಾವು ಕೂದಲೆಳೆ ಅಂತರ ಅಂತೀವಿ. ಒಂದು ಮತಕ್ಕೆ ಅದೂ ದಪ್ಪವೇ ಆಯಿತು.

ಅಮೆರಿಕದಲ್ಲಿ 'ಸ್ಲಿಮ್ ಪಿಕಿಂಗ್ಸ್' ಅಂತ ಒಂದು ಮಾತಿದೆ. ಹೊಲದಲ್ಲಿ ಆಯಲು ಹೆಚ್ಚೇನೂ ಉಳಿದಿಲ್ಲ, ಗಿಟ್ಟೋದು ಅಷ್ಟರಲ್ಲೇ ಇದೆ ಅಂತ. 1919ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಒಬ್ಬ ಹುಡುಗ ಕುದುರೆ, ಗೂಳಿ ಪಳಗಿಸುವ ರೋಡಿಯೋ ಸ್ಪರ್ಧೆಗೆ ಸೇರಲು ಹೋದ. ಅಪ್ಪನಿಗೆ ಗೊತ್ತಾಗಬಾರದು, ಬೇರೆ ಹೆಸರು ಬೇಕು. ಇಲ್ಲಿ ನಿನಗೆ ಸಿಗೋದು ಸ್ಲಿಮ್ ಪಿಕಿಂಗ್ಸ್ ಅಷ್ಟೇ ಅಂತ ಅಲ್ಲಿದ್ದವರು ಅಂದರಂತೆ. ಅದನ್ನೇ ಹೆಸರು ಮಾಡಿಕೊಂಡ, ಸ್ಲಿಮ್ ಪಿಕನ್ಸ್. ಮುಂದೆ ಹಾಲಿವುಡ್‌ನಲ್ಲಿ ಹೆಸರು ಮಾಡಿದ ನಟ. ಆಳು ಮಾತ್ರ ಭಾರೀ ಮೈಯವನು.

ಇನ್ನು ದಕ್ಷಿಣ ಆಫ್ರಿಕಾಕ್ಕೆ ಹೋಗೋಣ. ನನಗೆ ಈ ಪದದ ಇಡೀ ಪ್ರಯಾಣದಲ್ಲಿ ತುಂಬಾ ಇಷ್ಟವಾದ ನಿಲ್ದಾಣ ಅದು. ಅಲ್ಲಿ ನೆಲೆಸಿದ ಡಚ್ ಮೂಲದ ಬೋವರ್ ಜನರ ಬಾಯಲ್ಲಿ ಸ್ಲಿಮ್ ಅಂದರೆ ಚಾಲಾಕಿ, ಒಳಗೊಂದು ಹೊರಗೊಂದು ಇಟ್ಟುಕೊಂಡು ಕೆಲಸ ಸಾಧಿಸುವವನು. ಅವರ ಸೇನಾಪತಿ ಪೀಟ್ ಜೂಬೇರ್, 1881ರಲ್ಲಿ ಮಜೂಬಾ ಬೆಟ್ಟದಲ್ಲಿ ಬ್ರಿಟಿಷರು ಸೋತರಲ್ಲ, ಆ ಯುದ್ಧದವನು, ಅವನಿಗೆ 'ಸ್ಲಿಮ್ ಪೀಟ್' ಅಂತ ಅಡ್ಡಹೆಸರು. 1899ರಿಂದ 1902ರವರೆಗೆ ನಡೆದ ಬೋವರ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಕಿವಿಗೆ ಈ ಪದ ಬಿತ್ತು. ಅವರದೇ ಭಾಷೆಯ ಪದ, ಆದರೆ ಅರ್ಥ ಬೇರೆ. 250 ವರ್ಷದ ಹಿಂದೆ ಡಚ್ಚರಿಂದ ತಂದುಕೊಂಡ ಪದ ಅದೇ ಡಚ್ ಬಳಗದವರ ಕೈಯಿಂದ ಎರಡನೇ ಸಲ ಇಂಗ್ಲಿಷಿಗೆ ಬಂತು, ಬೇರೆ ವೇಷದಲ್ಲಿ.

ಆ ನಾಡಿನ ಇನ್ನೊಬ್ಬ ಜನರಲ್ ನಿಮಗೆಲ್ಲ ಗೊತ್ತು, ಯಾನ್ ಸ್ಮಟ್ಸ್, ಯುದ್ಧ ಮುಗಿದ ಮೇಲೆ ಅಲ್ಲಿನ ಸರ್ಕಾರದಲ್ಲಿ ಮಂತ್ರಿಯಾದವರು. ಅವರಿಗೆ 'ಸ್ಲಿಮ್ ಯಾನಿ' ಅಂತ ಹೆಸರು. ಮೈ ನೋಡಿ ಇಟ್ಟದ್ದಲ್ಲ. ಈಗ ಈ ಸ್ಲಿಮ್ ಮನುಷ್ಯನ ಎದುರು ಯಾರು ಕೂತಿದ್ದರು ಯೋಚಿಸಿ. 1908ರ ಜನವರಿಯಲ್ಲಿ ಜೈಲಿನಲ್ಲಿದ್ದ ಗಾಂಧೀಜಿಯನ್ನು ಪ್ರಿಟೋರಿಯಾಕ್ಕೆ ಕರೆಸಿಕೊಂಡು ಸ್ಮಟ್ಸ್ ಮಾತಾಡಿದರು. ಭಾರತೀಯರು ತಾವಾಗಿಯೇ ಹೆಸರು ನೋಂದಾಯಿಸಿಕೊಳ್ಳಲಿ, ಅವರು ಕಡ್ಡಾಯವಾಗಿ ನೋಂದಾಯಿಸಿಕೊಳ್ಳಬೇಕು ಅನ್ನೋ ಕಾನೂನನ್ನು ರದ್ದು ಮಾಡುತ್ತೇನೆ ಅಂತ ಸ್ಮಟ್ಸ್ ಒಪ್ಪಿದ್ದಾರೆ ಅಂತ ಗಾಂಧೀಜಿ ತಿಳಿದರು. ಜನ ನೋಂದಾಯಿಸಿಕೊಂಡರು. ಕಾನೂನು ಹೋಗಲಿಲ್ಲ. ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಮುಂದೆ ದೊಡ್ಡ ಕಡಾಯಿ ಇಟ್ಟು ಎರಡು ಸಾವಿರಕ್ಕೂ ಹೆಚ್ಚು ಪ್ರಮಾಣಪತ್ರಗಳನ್ನು ಸುಟ್ಟರು. ಸ್ಲಿಮ್ ಅಂದರೆ ಏನು ಅಂತ ಅವತ್ತು ಅಲ್ಲಿ ನಿಂತಿದ್ದ ಗುಜರಾತಿ, ತಮಿಳು ವ್ಯಾಪಾರಿಗಳಿಗೆ, ಕೂಲಿಯವರಿಗೆ ಯಾವ ನಿಘಂಟೂ ಬೇಕಿರಲಿಲ್ಲ.

ಕಥೆ ಅಷ್ಟಕ್ಕೇ ಮುಗಿದರೆ ಸ್ಮಟ್ಸ್‌ಗೆ ಅನ್ಯಾಯ ಮಾಡಿದ ಹಾಗೆ. ಗಾಂಧೀಜಿ ಜೈಲಿನಲ್ಲಿ ಅವರಿಗಾಗಿ ಒಂದು ಜೊತೆ ಚಪ್ಪಲಿ ಹೊಲಿದರು. 1914ರಲ್ಲಿ ದೇಶ ಬಿಡುವಾಗ ಕೊಟ್ಟುಹೋದರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ಹಾಕಿಕೊಂಡು ಓಡಾಡಿದರು. 1939ರಲ್ಲಿ ಗಾಂಧೀಜಿಗೆ 70 ತುಂಬಿದಾಗ ಹಿಂದಕ್ಕೆ ಕಳಿಸಿದರು. ಇಷ್ಟು ದೊಡ್ಡ ಮನುಷ್ಯನ ಚಪ್ಪಲಿಯಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ ಅನ್ನೋ ಅರ್ಥದ ಮಾತನ್ನೂ ಬರೆದರು. ಸ್ಲಿಮ್ ಪದಕ್ಕೂ ಚಪ್ಪಲಿಗೂ ಸಂಬಂಧ ಇಲ್ಲ, ಗೊತ್ತು. ಆದರೂ ಈ ಕಡೆ ಬಂದಮೇಲೆ ಅದನ್ನು ಹೇಳದೆ ಹೋಗಲು ನನಗೆ ಆಗುವುದಿಲ್ಲ.

ಹೆಸರುಗಳ ಮಾತು ಬಂದದ್ದಕ್ಕೆ ಇನ್ನೆರಡು. ಬರ್ಮಾದಲ್ಲಿ ಜಪಾನಿನ ಸೇನೆಯನ್ನು ಹಿಮ್ಮೆಟ್ಟಿಸಿದ 14ನೇ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್. ಆ ಸೇನೆಯಲ್ಲಿ ಹೆಚ್ಚಿನವರು ನಮ್ಮವರೇ. ಫೋಟೋ ನೋಡಿ, ದಪ್ಪ ದವಡೆ, ಗಟ್ಟಿ ಮೈ. ಮೆಕ್ಸಿಕೋದ ಕೋಟ್ಯಧಿಪತಿ ಕಾರ್ಲೋಸ್ ಸ್ಲಿಮ್ ಹೆಸರಿಗೆ ಡಚ್ಚೂ ಇಲ್ಲ, ತೆಳ್ಳಗೂ ಇಲ್ಲ. ಅವರ ತಂದೆ ಲೆಬನಾನ್‌ನಿಂದ ಬಂದವರು, ಅವರ ಹೆಸರಿನಲ್ಲಿ ಸಲೀಂ ಅಂತ ಇತ್ತು. ಮೆಕ್ಸಿಕೋದಲ್ಲಿ ಅದು ಸವೆದು ಸ್ಲಿಮ್ ಆಯಿತು. ನಮ್ಮ ಸಲೀಂ ಸಾಬರಿಗೆ ಅವರು ಹೆಚ್ಚು ಹತ್ತಿರ.

ಈಗ ಒಂದು ಕಷ್ಟದ ಜಾಗ. 1980ರ ದಶಕದ ಮೊದಲ ವರ್ಷಗಳಲ್ಲಿ ಉಗಾಂಡಾದ ದಕ್ಷಿಣದಲ್ಲಿ, ವಿಕ್ಟೋರಿಯಾ ಸರೋವರದ ಪಕ್ಕದ ರಕಾಯ್ ಸೀಮೆಯಲ್ಲಿ, ಜನ ಸುಮ್ನೆ ಕರಗಿಹೋಗತೊಡಗಿದರು. ನಿಲ್ಲದ ಭೇದಿ, ಜ್ವರ. ನೋಡನೋಡುತ್ತಾ ಮೈಯೆಲ್ಲ ಇಳಿದು ಮೂಳೆ ಚಕ್ಕಳ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಊರ ಜನ ಅದಕ್ಕೆ ಇಟ್ಟ ಹೆಸರು 'ಸ್ಲಿಮ್'. 1985ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಬಂದ ಲೇಖನವೂ ಅದನ್ನು ಸ್ಲಿಮ್ ಕಾಯಿಲೆ ಅಂತಲೇ ಕರೆಯಿತು. ಅದು ಏಡ್ಸ್. ಲುಗಾಂಡಾ ಭಾಷೆಯಲ್ಲಿ ಏಡ್ಸ್‌ಗೆ ಇವತ್ತಿಗೂ ಇರುವ ಹೆಸರು 'ಸಿಲಿಮು', ಅದು ಈ ಸ್ಲಿಮ್ಮೇ. 1989ರಲ್ಲಿ ಆ ದೇಶದ ಹೆಸರಾಂತ ಹಾಡುಗಾರ ಫಿಲಿ ಲುಟಾಯಾ ತನಗೆ ಈ ಕಾಯಿಲೆ ಇದೆ ಅಂತ ಬಹಿರಂಗವಾಗಿ ಹೇಳಿದಾಗ ಮೊದಮೊದಲು ಹಲವರು ನಂಬಲೇ ಇಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಇದನ್ನು ಓದಿದಾಗ ನನಗೆ ಚಿಕ್ಕಮ್ಮನ ಜಾಹೀರಾತು ನೆನಪಾಯಿತು. ನಮ್ಮ ಪೇಪರ್‌ಗಳಲ್ಲಿ ಸ್ಲಿಮ್ ಅಂದರೆ ಮದುವೆಗೆ ಸಿದ್ಧ ಇರುವ ಹುಡುಗಿ. ಅಲ್ಲಿ ಅದೇ ಪದ ಬಾಯಿಗೆ ಬಂದರೆ ಪಕ್ಕದ ಮನೆಯವರು ದನಿ ತಗ್ಗಿಸುತ್ತಿದ್ದರು. ತೂಕ ಇಳಿದರೆ ಜನ ಅನುಮಾನದಿಂದ ನೋಡುವ ಊರಿನಲ್ಲಿ ಸ್ಲಿಮ್ ಅಂತ ಜಾಹೀರಾತು ಕೊಡಲಾದೀತೇ?

ಅನುಮಾನದಿಂದ ನೋಡೋದು ನಮ್ಮಲ್ಲಿ ಇಲ್ಲ ಅಂದ್ಕೋಬೇಡಿ. ನೀವು ಆರು ತಿಂಗಳು ವಾಕಿಂಗ್ ಮಾಡಿ, ಅನ್ನ ಬಿಟ್ಟು, ಕಷ್ಟಪಟ್ಟು ಐದು ಕೆಜಿ ಇಳಿಸಿ ಊರಿಗೆ ಹೋಗಿ. ಮೊದಲ ಪ್ರಶ್ನೆ ಏನು? "ಶುಗರ್ ಬಂತಾ?" ಹೌದು ತಾನೆ? ನೀವು ನಗುತ್ತಿರುವುದು ನೋಡಿದರೆ ಎಲ್ಲರಿಗೂ ಆಗಿದೆ. ನಮ್ಮ ಭಾಷೆಯಲ್ಲಿ ದಿನದ ಮಾತಿನಲ್ಲಿ ತೆಳ್ಳಗಾಗುವುದು ಒಳ್ಳೆಯ ಸುದ್ದಿ ಆಗಿರಲಿಲ್ಲ. ಸೊರಗಿದ್ದೀಯಾ, ಇಳಿದುಹೋಗಿದ್ದೀಯಾ, ಸಣ್ಣ ಆಗಿದ್ದೀಯಾ, ಬಡವಾಗಿದ್ದೀಯಾ. ಎಲ್ಲದರ ಹಿಂದೆಯೂ ಒಂದು "ಅಯ್ಯೋ" ಇದೆ. ಆಡಿಕೊಳ್ಳಬೇಕು ಅಂದರೆ ನರಪೇತಲ, ಕಡ್ಡಿ ಪೈಲ್ವಾನ್. ಮಗು ಗುಂಡುಗುಂಡಾಗಿದ್ದರೆ ಲಕ್ಷಣ. ಹಸಿವು ಕಂಡ ನಾಡಿನ ಭಾಷೆ ಹೀಗಲ್ಲದೆ ಇನ್ನು ಹೇಗಿದ್ದೀತು?

ಹಾಗಾಗಿಯೇ ನಾವು ಸ್ಲಿಮ್ ಪದವನ್ನು ಎರವಲು ತಂದೆವು ಅಂತ ನನ್ನ ಅನಿಸಿಕೆ. ತೆಳ್ಳಗೆ ಅನ್ನೋ ಅರ್ಥಕ್ಕೆ ನಮ್ಮಲ್ಲಿ ಪದ ಇಲ್ಲ ಅಂತಲ್ಲ, ರಾಶಿ ಇದೆ. 'ಅಯ್ಯೋ' ಇಲ್ಲದ ಪದ ಬೇಕಿತ್ತು. ಇಂಗ್ಲಿಷ್ ಪದದಿಂದ ನಾವು ಅರ್ಥವನ್ನು ತರಲಿಲ್ಲ, ಮಾರ್ಕ್ಸ್ ಮಾತ್ರ ತಂದೆವು. ಎಷ್ಟು ಚೊಕ್ಕವಾಗಿ ತಂದೆವು ಅಂದರೆ, ಕನ್ನಡದಲ್ಲಿ ಸ್ಲಿಮ್‌ಗೆ ಅದರ ಹಳೆಯ ಕೆಟ್ಟ ಮುಖ ಗೊತ್ತೇ ಇಲ್ಲ. 'ಸ್ಲಿಮ್ ಚಾನ್ಸ್ ಇದೆ' ಅಂತ ಕನ್ನಡದ ಮಧ್ಯೆ ಯಾರೂ ಅನ್ನುವುದಿಲ್ಲ. ಸ್ಲಿಮ್ ಆಗಿದ್ದಾಳೆ, ಸ್ಲಿಮ್ ಆಗಬೇಕು, ಸ್ಲಿಮ್ ಫಿಟ್. ಅಷ್ಟೇ.

ಸ್ಲಿಮ್ ಫಿಟ್ ಅಂದಾಗ ನೆನಪಾಯಿತು. ನಾನು ಒಂದು ಬಟ್ಟೆ ಅಂಗಡಿಯಲ್ಲಿ ಶರ್ಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಹೊಟ್ಟೆಯ ಹತ್ತಿರದ ಗುಂಡಿ ಹಾಕಿದ ತಕ್ಷಣ ಎರಡು ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಟ್ಟು ಬನಿಯನ್ ಇಣುಕಿತು. ಅಂಗಡಿ ಹುಡುಗ ಎಷ್ಟು ನಾಜೂಕು ಅಂದರೆ, ನಿಮಗೆ ಹೊಟ್ಟೆ ಇದೆ ಅನ್ನಲಿಲ್ಲ. "ಸರ್, ಈ ಶರ್ಟ್ ಸ್ಲಿಮ್ ಇದೆ" ಅಂದ. ತಪ್ಪು ಶರ್ಟಿನದು!

ಇದೇ ನಾಜೂಕನ್ನು ಕಂಪನಿಗಳೂ ಕಲಿತಿವೆ. ಇಂಗ್ಲಿಷಿನಲ್ಲಿ 'ಸ್ಲಿಮ್ ಡೌನ್' ಅಂದರೆ ಮೈ ಇಳಿಸಿಕೊಳ್ಳುವುದು. ಕಂಪನಿ ಸ್ಲಿಮ್ ಡೌನ್ ಮಾಡಿತು ಅಂತ ಸುದ್ದಿ ಬಂದರೆ, ಒಂದಷ್ಟು ಜನರ ಕೆಲಸ ಹೋಯಿತು ಅಂತ. ಕೇಳಲು ಬೆಳಗ್ಗೆ ಎದ್ದು ಓಡಿದ ಹಾಗಿದೆ. ಕಂಪನಿಗೆ ಅದು ಸ್ಲಿಮ್. ಮನೆಗೆ ಹೋದವನ ಪಾಲಿಗೆ ನಮ್ಮ ಅಜ್ಜಿಯ ಬಡ, ಎರಡು ಅರ್ಥದಲ್ಲೂ. ಅನುವಾದ ಮಾಡುವವರು ಇಲ್ಲಿ ಯಾವ ಪದ ಹಾಕುತ್ತೀರಿ ಅನ್ನೋದರ ಮೇಲೆ ನೀವು ಯಾರ ಪಕ್ಕ ನಿಂತಿದ್ದೀರಿ ಅಂತ ಗೊತ್ತಾಗಿಬಿಡುತ್ತದೆ. ನಾನಂತೂ 'ಕೆಲಸದಿಂದ ತೆಗೆದರು' ಅಂತಲೇ ಬರೆಯುತ್ತೇನೆ.

ಜಾಹೀರಾತು ಏನಾಯಿತು ಅಂತ ಮುಂದಿನ ಸಾಲಿನವರು ಆಗಲೇ ಕೇಳಿದರು. ಸ್ಲಿಮ್ ಅಂತಲೇ ಹಾಕಿದೆ. ಭಾನುವಾರ ಬೆಳಗ್ಗೆ ಬಂತು. ಒಂಬತ್ತೂವರೆಗೆ ಮೊದಲ ಫೋನ್, ಹುಡುಗನ ತಂದೆಯಂತೆ. ಜಾತಕ, ನಕ್ಷತ್ರ ಎಲ್ಲ ವಿಚಾರಿಸಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಸ್ಲಿಮ್ ಅಂತ ಹಾಕಿದ್ದೀರಿ. ಎಷ್ಟು ಕೆಜಿ ಇರಬಹುದು?"

ಚಿಕ್ಕಮ್ಮ ರಿಸೀವರ್ ಮೇಲೆ ಕೈ ಮುಚ್ಚಿ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ತುಂಬಾ ಮರ್ಯಾದೆಯಿಂದ, "ನಾವು ಹುಡುಗಿ ಕೊಡ್ತಿರೋದು ಸ್ವಾಮಿ, ಬೆಲ್ಲ ಅಲ್ಲ" ಅಂತ ಹೇಳಿ ಫೋನ್ ಇಟ್ಟರು.